ಮ್ಯೂರ್ ಎಂದರೆ ಕಾಡಲ್ಲ

ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯ 'ಮ್ಯೂರ್'ಗೆ (muir) ಕಾಡು ಅಂತ ಅರ್ಥ ಹೇಳಿದರೆ ದಾರಿ ತಪ್ಪಿದಂತೆ. ಅಲ್ಲಿ ಮರಗಳೇ ಅಪರೂಪ. ಹೆದರ್ ಪೊದೆ, ಒರಟು ಹುಲ್ಲು, ಬೇಲಿಯಿಲ್ಲದ ಬೀಳು: ಅದು ಮ್ಯೂರ್. ಕಾಲಿಟ್ಟರೆ ಹುದುಗುವ ಜೌಗಿಗೆ 'ಮಾಸ್' ಎಂಬ ಬೇರೆ ಪದವೇ ಇದೆ.

ಮೂಲ ಹಳೆಯ ಇಂಗ್ಲಿಷಿನ 'ಮೋರ್'. ಅದರ ದೀರ್ಘ 'ಓ' ದಕ್ಷಿಣದ ಇಂಗ್ಲಿಷಿನಲ್ಲಿ ಒಂದು ದಾರಿ ಹಿಡಿಯಿತು, ಉತ್ತರದ ಸ್ಕಾಟ್ಸ್‌ನಲ್ಲಿ ಉಚ್ಚಾರ ನಾಲಗೆಯ ಮುಂದಕ್ಕೆ ಸರಿಯಿತು. ಬರಹದಲ್ಲಿ 'ಯು' ಪಕ್ಕ ಕೂತ 'ಐ' ಬೇರೆ ಸ್ವರವಲ್ಲ. ಹಳೆಯ ಸ್ಕಾಟ್ಸ್ ಲಿಪಿಕಾರರು ದೀರ್ಘ ತೋರಿಸಲು ಹಾಕಿದ ಗುರುತು. ನಮ್ಮ ದೀರ್ಘದ ಕೊಂಬಿನ ಹಾಗೆ ಅನ್ನಿ. ಇಂಗ್ಲಿಷಿನ ಗುಡ್, ಮೂನ್, ಪೂರ್ ಪದಗಳಿಗೂ ಸ್ಕಾಟ್ಸ್‌ನಲ್ಲಿ ಇದೇ 'ಯು-ಐ' ಕಾಗುಣಿತ.

ನಕಾಶೆ ಓದುವವರು ಎಡವುವುದು ಇನ್ನೊಂದು ಕಡೆ. ಸ್ಕಾಟ್ಲೆಂಡಿನ ಇನ್ನೊಂದು ನುಡಿ ಗೇಲಿಕ್‌ನಲ್ಲೂ ಇದೇ ಅಕ್ಷರಗಳ ಪದವಿದೆ, ಅರ್ಥ ಮಾತ್ರ ಸಮುದ್ರ! ಮ್ಯೂರ್‌ಕರ್ಕ್, ಮ್ಯೂರ್‌ಹೆಡ್ ಎಂಬ ಊರ ಹೆಸರುಗಳಲ್ಲಿ ಕಡಲು ಹುಡುಕಬೇಡಿ.

ಊರವರು ಕೂಡಿ ದನ ಮೇಯಿಸಿ, ಉರುವಲಿಗೆ ಪೀಟ್ (ಅರೆ ಕೊಳೆತ ಸಸ್ಯಗಳ ಮಣ್ಣು) ಕಡಿಯುತ್ತಿದ್ದ ಎಷ್ಟೋ ಮ್ಯೂರ್‌ಗಳು ಸಾಮೂಹಿಕ ಬೀಳನ್ನು ಹಂಚಲು ಬಿಟ್ಟ 1695ರ ಸ್ಕಾಟ್ಲೆಂಡ್ ಕಾಯ್ದೆಯ ಬಳಿಕ ಜಮೀನುದಾರರ ನಡುವೆ ಪಾಲಾದವು. ಪದ ಮನೆತನದ ಹೆಸರಾಗಿಯೂ ಉಳಿಯಿತು. 1838ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಹುಟ್ಟಿ, ಅಮೆರಿಕದ ಯೊಸೆಮಿಟಿ ಕಣಿವೆಯ ಉಳಿವಿಗಾಗಿ ಹೋರಾಡಿದ ಜಾನ್ ಮ್ಯೂರ್ ಹೆಸರಿನಲ್ಲೇ ಬೀಳುನೆಲವಿತ್ತು.