ನಿಮ್ಮ ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳುವವರಿಗೆ

ಒಂಬತ್ತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನಾನು ಮಂಗನ ಕಾಯಿಲೆಯ ಮೇಲೆ, ಅಂದರೆ ಕಾಡಿನ ಉಣುಗು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರದ ಮೇಲೆ, ಸಂಶೋಧನೆ ಮಾಡುವ ವೈದ್ಯೆ. ಎಚ್-ಇಂಡೆಕ್ಸ್ ಅನ್ನುವುದು ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟ ಲೆಕ್ಕ. ನಿಮ್ಮ ಒಂಬತ್ತು ಪೇಪರ್‌ಗಳಿಗೆ ತಲಾ ಒಂಬತ್ತಾದರೂ ಸೈಟೇಶನ್ ಬಂದಿದ್ದರೆ, ಅಂದರೆ ಬೇರೆ ಪೇಪರ್‌ಗಳು ಅವನ್ನು ಅಷ್ಟು ಸಲ ಉಲ್ಲೇಖಿಸಿದ್ದರೆ, ನಿಮ್ಮ ಅಂಕ ಒಂಬತ್ತು. ಜೀವಮಾನದಲ್ಲಿ ಒಂದೇ ಪೇಪರ್ ಬರೆದು ಅದಕ್ಕೆ ಸಾವಿರ ಸೈಟೇಶನ್ ಬಂದರೂ ಅಂಕ ಒಂದೇ. ಇಷ್ಟೇ ವಿಷಯ. ಇದನ್ನು ಹಿಡಿದು ಮನುಷ್ಯರನ್ನು ತೂಗುತ್ತಾರೆ.

ಒಮ್ಮೆ ಬಡ್ತಿಯ ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ನೋಡಿ ಡಾಕ್ಟ್ರೇ, ನಿಮಗಿಂತ ಮುಂಚೆ ಬಂದವರದ್ದು ಮೂವತ್ತು ದಾಟಿದೆ. ನೀವ್ಯಾಕೆ ಇಷ್ಟು ಹಿಂದೆ ಬಿದ್ರಿ?" ಅಂದರು. ನನಗಿಂತ ಮುಂಚೆ ಒಳಗೆ ಹೋಗಿದ್ದವರು ಸಕ್ಕರೆ ಕಾಯಿಲೆಯ ಮೇಲೆ ಕೆಲಸ ಮಾಡುವವರು. ಒಳ್ಳೆಯ ಸಂಶೋಧಕರು, ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಸಕ್ಕರೆ ಕಾಯಿಲೆ ಇಲ್ಲದ ದೇಶವಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಇವತ್ತಿಗೂ ಅದು ಪಶ್ಚಿಮಘಟ್ಟ ಮತ್ತು ಸುತ್ತಮುತ್ತಲಿನ ಕಾಯಿಲೆ. ಅದರ ಬಗ್ಗೆ ಪೇಪರ್ ಬರೆಯುವವರೇ ಬೆರಳೆಣಿಕೆಯಷ್ಟು. ಬರೆಯುವವರೇ ಇಲ್ಲದ ಕಡೆ ಸೈಟ್ ಮಾಡುವವರು ಎಲ್ಲಿಂದ ಬರಬೇಕು? ಇದನ್ನು ಅಲ್ಲಿ ಹೇಳಿದೆ. "ಅದೆಲ್ಲ ಸರಿ, ನಂಬರ್ ನಂಬರೇ ಅಲ್ವಾ?" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಅಷ್ಟು ಹೊತ್ತಿನಲ್ಲಿ ಅಲ್ಲಿದ್ದ ಒಬ್ಬರೂ ನನ್ನ ಒಂದೇ ಒಂದು ಪೇಪರ್‌ನೊಳಗೆ ಏನಿದೆ ಎಂದು ಕೇಳಲಿಲ್ಲ.

ನಂಬರ್ ನಂಬರೇ ಅನ್ನುವವರು ಶಂಭುನಾಥ್ ಡೇ ಅವರ ಕಥೆ ತಿಳಿದುಕೊಳ್ಳಬೇಕು. ಕಾಲರಾ ಮನುಷ್ಯನನ್ನು ಕೊಲ್ಲುವುದು ಬ್ಯಾಕ್ಟೀರಿಯಾ ಸ್ರವಿಸುವ ಒಂದು ವಿಷದಿಂದ ಎಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲೇ ಊಹಿಸಿದ್ದರು. ಅದನ್ನು ತೋರಿಸಿಕೊಟ್ಟವರು ಕಲ್ಕತ್ತೆಯ ಡೇ. ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿಗೆ ಹಾಕಿದರು, ಕರುಳಿನಲ್ಲಿ ನೀರು ತುಂಬಿಕೊಂಡಿತು. 1959ರಲ್ಲಿ 'ನೇಚರ್' ಪತ್ರಿಕೆಯಲ್ಲೇ ಪ್ರಕಟವಾಯಿತು. ಆದರೂ ಮೊದಮೊದಲು ಅದನ್ನು ಗಮನಿಸಿದವರು ಕಡಿಮೆ. ಸೈಟೇಶನ್ ಎಣಿಸುವ ಪದ್ಧತಿಯನ್ನೇ ಕಟ್ಟಿದ ಯೂಜಿನ್ ಗಾರ್ಫೀಲ್ಡ್ 1986ರಲ್ಲಿ ಡೇ ಅವರ ಕೆಲಸದ ಮಹತ್ವದ ಬಗ್ಗೆ ವಿವರವಾಗಿ ಬರೆದರು. ಡೇ ಹಿಂದಿನ ವರ್ಷವೇ ತೀರಿಕೊಂಡಿದ್ದರು. 1960ರಲ್ಲಿ ಅವರನ್ನು ನಮ್ಮ ಸಮಿತಿಯ ಮುಂದೆ ಕೂರಿಸಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಕಡೆ ಬ್ರಿಟನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಅವರ ಪೇಪರನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಇದೆ, ಬಹುಪಾಲು ಅದನ್ನು ಅಲ್ಲಗಳೆಯುವಂಥವು. ಎಣಿಕೆಗೆ ಬೈಗುಳವೂ ಒಂದೇ, ಹೊಗಳಿಕೆಯೂ ಒಂದೇ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನೀವು ಕಂಡುಕೊಂಡದ್ದು ಯಾರ ಕೈಗೆ ಸೇರಿತು?

ನನ್ನದಲ್ಲದ ಒಂದು ಉದಾಹರಣೆ ಕೊಡುತ್ತೇನೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಎಷ್ಟು ಕೆಲಸ ಮಾಡುತ್ತದೆಂದು 2005ರಿಂದ 2010ರವರೆಗಿನ ನಮ್ಮ ರಾಜ್ಯದ ಮಾಹಿತಿ ಹಿಡಿದು ಲೆಕ್ಕ ಹಾಕಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್‌ಗೆ ರಕ್ಷಣೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83%. ಅಂದರೆ ಎರಡು ಸೂಜಿ ಚುಚ್ಚಿಸಿಕೊಂಡೆ, ಇನ್ನು ಭಯವಿಲ್ಲ ಎಂದು ದರಗೆಲೆ ತರಲು ಕಾಡಿಗೆ ಹೋಗುವವರಿಗೆ, ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಂಡೇ ಹೋಗಿ ಎಂದು ಹೇಳಲೇಬೇಕಿತ್ತು. ಹಾಗೆ ಮನೆಮನೆಗೆ ಹೋಗಿ ಹೇಳುವವರು ಆಶಾ ಕಾರ್ಯಕರ್ತೆಯರು. ಅವರು ಪೇಪರ್ ಬರೆಯುವುದಿಲ್ಲ. ಅವರು ಹೇಳಿದ ಮಾತು ಯಾವ ಸೈಟೇಶನ್ ಪಟ್ಟಿಯಲ್ಲೂ ಬರುವುದಿಲ್ಲ. ಆ ಲಸಿಕೆ ಕೊಡುವುದನ್ನೇ ಈಗ ನಿಲ್ಲಿಸಲಾಗಿದೆ, ಹಾಗಾಗಿ ಎಣ್ಣೆಯ ಮಾತಿಗೆ ಇನ್ನಷ್ಟು ತೂಕ ಬಂದಿದೆ.

ನಾನೀಗ ಬೆನ್ನುಹತ್ತಿರುವುದು ಒಂದು ಸಣ್ಣ ವಿಷಯ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟಲು ಯಾಕೆ ತಡವಾಗುತ್ತದೆ? ಕೆಲವರು ನನ್ನ ಹತ್ತಿರ ನೇರವಾಗಿಯೇ ಹೇಳಿದ್ದಾರೆ: "ಹೇಳಿದ್ರೆ ನಮ್ಮನ್ನೇ ವಿಚಾರಣೆ ಮಾಡ್ತಾರೆ, ಮೇಡಂ." ಆ ಭಯ ಹೋಗಿ ಸುದ್ದಿ ಎರಡು ದಿನ ಮುಂಚೆ ಬಂದರೆ, ಸತ್ತ ಮಂಗದಿಂದ ಉದುರಿದ ಉಣುಗುಗಳಿರುವ ಆ ಜಾಗಕ್ಕೆ ಯಾರೂ ಹೋಗದಂತೆ ಅಷ್ಟು ಬೇಗ ತಡೆಯಬಹುದು. ಇದನ್ನು ಬರೆದು ಪ್ರಕಟಿಸುತ್ತೇನೆ. ಪ್ರಕಟಿಸುವ ಮೊದಲೇ, ಈ ಡಿಸೆಂಬರ್‌ಗೆ ಕಾಯಿಲೆಯ ಕಾಲ ಶುರುವಾಗುವಷ್ಟರಲ್ಲಿ, ಕನ್ನಡದಲ್ಲಿ ಒಂದು ಪುಟ ಮಾಡಿ ಪಂಚಾಯಿತಿಗಳಿಗೆ ಹಂಚುತ್ತೇನೆ.