ಬೀಗ ಹಾಕಿದ ಫ್ಲಾಟಿನ ಶವರ್ ನೀರು

ಜರ್ಮನಿಯಲ್ಲಿ ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಬಾಯ್ಲರ್ ಇದ್ದು, ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದರೆ, 3 ವರ್ಷಕ್ಕೊಮ್ಮೆ ಬಿಸಿನೀರಿನ ಪರೀಕ್ಷೆ ಮಾಡಿಸಲೇಬೇಕು. ಅಲ್ಲಿ ಹುಡುಕುವುದು ನ್ಯುಮೋನಿಯಾ ತರುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು.

ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೂ ಲ್ಯಾಬಿನವರು ಬಂದಿದ್ದರು. ನಲ್ಲಿಯ ತುದಿಯ ಜಾಲರಿ ಬಿಚ್ಚಿದರು. ಪುಟ್ಟ ಗ್ಯಾಸ್ ಬರ್ನರಿನಿಂದ ನಲ್ಲಿಯ ಬಾಯಿಯನ್ನು ಚೆನ್ನಾಗಿ ಸುಟ್ಟು, ಸ್ವಲ್ಪ ನೀರು ಹರಿಯಬಿಟ್ಟು, ಆಮೇಲೆ ಬಾಟಲಿಗೆ ಹಿಡಿದರು. ನೀರು ಎಷ್ಟು ಡಿಗ್ರಿ ಇದೆ ಅಂತಲೂ ಬರೆದುಕೊಂಡರು. ಫಲಿತಾಂಶ ಮಿತಿ ಮುಟ್ಟಿದರೆ ಆರೋಗ್ಯ ಇಲಾಖೆಗೂ ಬಾಡಿಗೆದಾರರಿಗೂ ತಿಳಿಸಬೇಕು. ತೀರಾ ಜಾಸ್ತಿ ಇದ್ದರೆ ಶವರ್ ಬಳಸಬೇಡಿ ಅಂತಲೇ ಆದೇಶ ಬರುತ್ತದೆ.

ಈ ರೋಗ ಮೊದಲು ಗೊತ್ತಾಗಿದ್ದು 1976ರಲ್ಲಿ. ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದಿತ್ತು. ಅಲ್ಲಿಗೆ ಬಂದವರು ನ್ಯುಮೋನಿಯಾದಿಂದ ಒಬ್ಬರ ಹಿಂದೆ ಒಬ್ಬರು ಮಲಗಿದರು. ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ 1999ರ ಘಟನೆ. ನೆದರ್‌ಲೆಂಡ್ಸ್‌ನ ಬೋವನ್‌ಕಾರ್ಸ್ಪೆಲ್‌ನಲ್ಲಿ ಹೂವಿನ ಪ್ರದರ್ಶನ. ಅಲ್ಲಿ ಬಿಸಿನೀರಿನ ಗುಳ್ಳೆ ಏಳುವ ಸ್ನಾನದ ತೊಟ್ಟಿಯೊಂದನ್ನು ಸುಮ್ನೆ ತೋರಿಸಲು ಇಟ್ಟಿದ್ದರು. ಅದರ ಪಕ್ಕ ಹಾದುಹೋದವರಿಗೆ ಕಾಯಿಲೆ ಬಂತು. ಕನಿಷ್ಠ 32 ಜನ ತೀರಿಕೊಂಡರು. ನೀರಿನ ಸಣ್ಣ ಹನಿಗಳು ಗಾಳಿಯಲ್ಲಿ ಸೇರಿ ಶ್ವಾಸಕೋಶಕ್ಕೆ ಹೋದರೆ ಸಾಕು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಕುಡಿಯುವ ನೀರಿಗೆ ಆರ್‌ಒ ಹಾಕಿಸಿ ನೆಮ್ಮದಿಯಾಗಿರುತ್ತೇವೆ. ಸ್ನಾನದ ನೀರಿನ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ಈ ಬ್ಯಾಕ್ಟೀರಿಯಾಕ್ಕೆ 25ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರು, ನಿಂತ ನೀರು, ಪೈಪಿನೊಳಗಿನ ಲೋಳೆ ಅಂದರೆ ಬಹಳ ಇಷ್ಟ. ಏಪ್ರಿಲ್‌ನಲ್ಲಿ ತಾರಸಿಯ ಓವರ್‌ಹೆಡ್ ಟ್ಯಾಂಕ್ ಮುಟ್ಟಿ ನೋಡಿ. ಮಳೆಗಾಲದಲ್ಲಿ ಮೋಡ ಕವಿದಾಗ ಸೋಲಾರ್ ನೀರು ಎಷ್ಟು ಬಿಸಿ ಇರುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ? ದೊಡ್ಡ ಆಫೀಸು, ಮಾಲ್‌ಗಳ ಎಸಿಯ ಬಿಸಿಯನ್ನು ನೀರು ಸಿಂಪಡಿಸಿ ಹೊರಹಾಕುವ ಕೂಲಿಂಗ್ ಟವರ್‌ಗಳದ್ದು ಇನ್ನೂ ದೊಡ್ಡ ವಿಷಯ. ಅವುಗಳಿಂದ ಏಳುವ ತುಂತುರು ರಸ್ತೆಯವರೆಗೂ ಹೋಗಬಲ್ಲದು. ಅವುಗಳ ನೀರಿನ ಪರೀಕ್ಷೆಯ ವರದಿಯನ್ನು ಕಟ್ಟಡದ ಬಾಗಿಲಲ್ಲೇ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ನಾನು ಇದನ್ನು ಬರೆಯಲು ಕುಳಿತಿದ್ದು ನಮ್ಮಂಥವರ ಫ್ಲಾಟುಗಳಿಗಾಗಿ. ವರ್ಷವಿಡೀ ಬೀಗ. ಡಿಸೆಂಬರಿನಲ್ಲಿ ಊರಿಗೆ ಬಂದ ತಕ್ಷಣ, ವಯಸ್ಸಾದ ಅಪ್ಪ ಅಮ್ಮನನ್ನೂ ಕರೆಸಿಕೊಂಡು, ತಿಂಗಳುಗಟ್ಟಲೆ ನಿಂತ ನೀರಿನಲ್ಲೇ ಸ್ನಾನ. ವಯಸ್ಸಾದವರು, ಸಿಗರೇಟು ಸೇದುವವರು, ಉಬ್ಬಸ ಅಥವಾ ಸಕ್ಕರೆ ಕಾಯಿಲೆ ಇರುವವರಿಗೇ ಅಪಾಯ ಹೆಚ್ಚು.

ಮೈಸೂರು ರಸ್ತೆಯ ನಮ್ಮ ಫ್ಲಾಟಿನ ಕೀ ಅತ್ತಿಗೆಯ ಹತ್ತಿರ ಇದೆ. "ವಾರಕ್ಕೊಮ್ಮೆ ಹೋಗಿ ಎಲ್ಲ ನಲ್ಲಿ ಬಿಡಿ ಅತ್ತಿಗೆ, ಶವರ್ ಕೂಡ" ಅಂದೆ. "ನೀರಿಗೆ ಇಷ್ಟು ಪರದಾಡುವ ಊರಲ್ಲಿ ಚೆಲ್ಲೋದಾ?" ಅಂದರು. ನ್ಯಾಯವಾದ ಮಾತೇ. ಬಕೆಟ್ಟಿಗೆ ಹಿಡಿದು ಬಾಲ್ಕನಿ ತೊಳೆಯಿರಿ ಅಂದೆ. ಶವರ್ ಬಿಡುವಾಗ ಅದರ ತಲೆ ಬಿಚ್ಚಿಡಬೇಕು ಅಥವಾ ಬಕೆಟ್ಟಿನೊಳಗೆ ಮುಳುಗಿಸಬೇಕು. ಕಿಟಕಿ ತೆರೆದಿರಬೇಕು. ಗೀಸರ್ 60 ಡಿಗ್ರಿಗೆ ಇಡಿ, ಬಳಸುವಾಗ ತಣ್ಣೀರು ಬೆರೆಸಿಕೊಳ್ಳಿ, ಮಕ್ಕಳಿದ್ದರೆ ಜೋಪಾನ. ಸುಣ್ಣ ಕಟ್ಟಿದ ಶವರ್ ಜಾಲರಿಯನ್ನು ಬಿಚ್ಚಿ ಉಜ್ಜಿ.

ಊರಿಗೆ ಬಂದು ಒಂದೆರಡು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ಕೆಮ್ಮು, ಏದುಸಿರು ಬಂದರೆ ಮನೆ ಎಷ್ಟು ದಿನ ಮುಚ್ಚಿತ್ತು ಅಂತ ಡಾಕ್ಟರಿಗೆ ಹೇಳಿ. ಮೂತ್ರ ಪರೀಕ್ಷೆಯಲ್ಲೇ ಇದರ ಸಾಮಾನ್ಯ ಬಗೆಯನ್ನು ಪತ್ತೆ ಹಚ್ಚಬಹುದು. ಪೆನಿಸಿಲಿನ್ ಜಾತಿಯ ಔಷಧಿ ಇದಕ್ಕೆ ನಾಟುವುದಿಲ್ಲ. ಅಜಿಥ್ರೋಮೈಸಿನ್, ಲೆವೊಫ್ಲಾಕ್ಸಾಸಿನ್‌ನಂಥ ಬೇರೆ ಆಂಟಿಬಯಾಟಿಕ್ ಬೇಕು, ಅದನ್ನು ಡಾಕ್ಟರೇ ಬರೆದುಕೊಡಬೇಕು.