ಬಚ್ಚಲ ಗೋಡೆಯ ಅತಿಥಿ

ನಿನ್ನೆ ರಾತ್ರಿ ಬಚ್ಚಲ ಬಲ್ಬಿನ ಪಕ್ಕ ಅಂಗೈಗಿಂತ ದೊಡ್ಡ ಪತಂಗ ಕೂತಿತ್ತು. ಫೋಟೋ ತೆಗೆದು, ಜೀವಿಗಳ ಫೋಟೋ ನೋಡಿ ಜನ ಸೇರಿ ಹೆಸರು ಗುರುತಿಸೋ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ ಮಲಗಿದೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ನಾತಕೋತ್ತರ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು ಈ ಜಾಲತಾಣ. ಬೆಳಗ್ಗೆ ಕಾಫಿ ಹೊತ್ತಿಗೆ ಎಲ್ಲಿಯವರೋ ಒಬ್ಬರು 'ಅಟ್ಲಾಸ್ ಪತಂಗ' ಅಂದಿದ್ರು, ಇನ್ನೊಬ್ಬರು ಹೌದು ಅಂದಿದ್ರು. (ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದ್ರೇನೇ ಅಲ್ಲಿ 'ಸಂಶೋಧನಾ ದರ್ಜೆ', ಅಂದ್ರೆ ಸಂಶೋಧನೆಗೆ ಬಳಸಬಹುದಾದ ಗುರುತು. ನಮ್ಮನೆ ತೀರ್ಮಾನಗಳಿಗಿಂತ ಕಟ್ಟುನಿಟ್ಟು!) ರೆಕ್ಕೆ ಬಂದ ಮೇಲೆ ಇದು ಏನೂ ತಿನ್ನಲ್ಲವಂತೆ, ಹುಳುವಾಗಿದ್ದಾಗ ತಿಂದ ಸೊಪ್ಪಿನ ಬಲದಲ್ಲೇ ಒಂದೆರಡು ವಾರ ಬದುಕುತ್ತಂತೆ. ಅಮ್ಮನಿಗೆ ಹೇಳಿದೆ.

"ಅಯ್ಯೋ ಪಾಪ, ಇವತ್ತು ಬಚ್ಚಲೊಲೆ ಹಚ್ಬೇಡ, ಅದಕ್ಕೆ ಹೊಗೆಯಾಗುತ್ತೆ."

ತಣ್ಣೀರು ಸ್ನಾನ ಮುಗಿಸಿ ಇದನ್ನ ಬರೀತಿದ್ದೀನಿ.